ಬಿಸಿಗಾಳಿ ತಣಿಸೋ ಜಾಳಿಗೆ: ಇಂಟರ್‌ಕೂಲರ್ ನಮ್ಮ ಜೀಪಿನ ತನಕ ಬಂದ ದಾರಿ

ನಾಟಿ ಮುಗಿದು ಕೈ ಸ್ವಲ್ಪ ಬಿಡುವಾಗೈತಿ. ಈ ಸಲ ಗೊಬ್ಬರ, ರೋಗ, ಭತ್ತದ ರೇಟು ಯಾವುದೂ ಬರೆಯೋದಿಲ್ಲ. ಜೀಪಿನ ವಿಷಯ ಬರೀತೀನಿ. ಯಾಕಂದ್ರ ಸಾಣಾಪುರ, ಆನೆಗೊಂದಿ ಕಡೆ ಒಂದಿಷ್ಟು ಹುಡುಗರು ಹಳೇ ಟರ್ಬೊ ಡಿಐ ಜೀಪು, ಬೊಲೆರೊ ತಗೊಂಡು ಅದಕ್ಕ ಹೊರಗಿನಿಂದ ಇಂಟರ್‌ಕೂಲರ್ ಹಾಕಿಸೋ ಹುಮ್ಮಸ್ಸಿನಾಗ ಅದಾರ. ನಮ್ಮ ತಂಗಿ ಮಗನೂ ಅದರಾಗ ಒಬ್ಬ. "ಮಾಮಾ, ಹಾಕಿಸಿ ಪಂಪು ಸ್ವಲ್ಪ ತಿರುವಿದ್ರ ಗಾಡಿ ಕುದುರಿ ಆಗ್ತೈತಂತ" ಅಂದ. ಯಾರು ಹೇಳಿದ್ರು ಅಂದ್ರ ಗ್ಯಾರೇಜಿನವ್ರು ಅಂದ. ಅದಕ್ಕ ಕೇಳಿದ ದುಡ್ಡು ಒಂದು ಎಕರೆ ಭತ್ತದಾಗ ಖರ್ಚು ಕಳೆದು ಉಳಿಯೋದಕ್ಕಿಂತ ಜಾಸ್ತಿ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದೀನಿ, ಅವನಿಗೆ ಹೇಳೋವಾಗ ಬಿಟ್ಟುಹೋಗಿದ್ದನ್ನೂ ಸೇರಿಸೀನಿ.

ಮೊದಲು ಟರ್ಬೊ. ಡೀಸೆಲ್ ಎಂಜಿನ್ ಅಂದ್ರ ಗಾಳಿ ತಿನ್ನೋ ಪ್ರಾಣಿ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಬೇಕಾದ್ರ ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಸಿಲಿಂಡರಿನಾಗ ಜಾಗ ಇರೋದು ಇಷ್ಟೇ. ಹಂಗಾಗಿ ಜಾಸ್ತಿ ಶಕ್ತಿ ಬೇಕಂದ್ರ ಎಂಜಿನ್ ದೊಡ್ಡದು ಮಾಡಬೇಕು, ಇಲ್ಲಾ ಅದೇ ಜಾಗದಾಗ ಗಾಳಿ ಒತ್ತಿ ತುಂಬಬೇಕು. ಒತ್ತಿ ತುಂಬೋ ಕೆಲಸವನ್ನ ಸೈಲೆನ್ಸರ್ ಕಡೆ ಸುಮ್ಮನೆ ಹೋಗೋ ಹೊಗೆಯಿಂದಲೇ ಮಾಡಿಸಬಹುದು ಅಂತ ಮೊದಲು ಪೇಟೆಂಟ್ ಮಾಡಿಸಿದವರು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಶಿ ಅನ್ನೋ ಎಂಜಿನಿಯರ್, 1905ರಲ್ಲಿ. ಅದು ಕೆಲಸಕ್ಕೆ ಬರೋ ಹೊತ್ತಿಗೆ ಇಪ್ಪತ್ತು ವರ್ಷ ಹೋಯ್ತು. 1920ರ ದಶಕದಲ್ಲಿ ಜರ್ಮನಿಯ ಎರಡು ಹಡಗುಗಳ ಡೀಸೆಲ್ ಎಂಜಿನ್‌ಗೆ ಟರ್ಬೊ ಕೂಡಿಸಿದಾಗ 1750 ಕುದುರೆ ಶಕ್ತಿ ಇದ್ದದ್ದು 2500ಕ್ಕೆ ಏರಿತು. ಎಂಜಿನ್ ಅಳತೆ ಅದೇ.

ಇಷ್ಟು ಒಳ್ಳೇದಾದ ಮೇಲೆ ಇಂಟರ್‌ಕೂಲರ್ ಯಾಕ ಬೇಕಾತು? ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಗೊತ್ತು. ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಪಂಪಿನ ಬುಡ ಮುಟ್ರಿ, ಚುರ್ ಅಂತೈತಿ. ಗಾಳಿ ಒತ್ತಿದ್ರ ಬಿಸಿ ಆಗೇ ಆಗ್ತೈತಿ. ಲೆಕ್ಕ ಹಾಕಿ ನೋಡ್ರಿ. ಹೊರಗ ನಮ್ಮ ಏಪ್ರಿಲ್ ತಿಂಗಳಿನ 40 ಡಿಗ್ರಿ. ಟರ್ಬೊ ಹತ್ತು ಪೌಂಡು ಒತ್ತಡ ಕೊಡ್ತೈತಿ ಅಂತ ಇಟ್ಕೊಳ್ರಿ. ಎಂಜಿನ್ ಬಾಯಿಗೆ ಹೋಗೋ ಗಾಳಿ 110 ಡಿಗ್ರಿ ಹತ್ತಿರ ಇರ್ತೈತಿ, ಕುದಿಯೋ ನೀರಿಗಿಂತ ಬಿಸಿ. ಬಿಸಿಗಾಳಿ ಉಬ್ಬಿದ ಗಾಳಿ. 75 ಕಿಲೋ ಚೀಲದಾಗ ಭತ್ತ ತುಂಬಿ ಒದರದೇ ಹೊಲಿದಂಗ. ಚೀಲ ತುಂಬಿದಂಗ ಕಾಣ್ತೈತಿ, ತೂಕಕ್ಕ ಇಟ್ರ 66 ಕಿಲೋ. ಅದೇ ಗಾಳಿಯನ್ನ ನಡುವೆ ಒಂದು ಜಾಳಿಗೆ ಮೂಲಕ ಹಾಯಿಸಿ 65 ಡಿಗ್ರಿಗೆ ಇಳಿಸಿದ್ರ, ಅದೇ ಜಾಗದಾಗ ನೂರಕ್ಕೆ ಹನ್ನೆರಡು ಹದಿಮೂರು ಪಾಲು ಜಾಸ್ತಿ ತೂಕದ ಗಾಳಿ ಹಿಡೀತೈತಿ. ಇಂಟರ್‌ಕೂಲರ್ ಮಾಡೋದು ಇಷ್ಟೇ. ಅದು ರೇಡಿಯೇಟರಿನ ತಮ್ಮ. ನೀರಿನ ಬದಲು ಗಾಳಿ ತಣಿಸ್ತೈತಿ.

ಇದು ಹುಟ್ಟಿದ್ದು ನೆಲದ ಮೇಲೆ ಓಡೋ ಗಾಡಿಗಲ್ಲ, ಆಕಾಶದಾಗ ಹಾರೋ ವಿಮಾನಕ್ಕ. ಎತ್ತರಕ್ಕೆ ಹೋದಂಗೆ ಗಾಳಿ ತೆಳ್ಳಗಾಗಿ ಎಂಜಿನ್ ಏದುಸಿರು ಬಿಡ್ತೈತಿ. 1918ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಅನ್ನೋರು ಒಂದು ವಿಮಾನದ ಎಂಜಿನ್ನನ್ನ ಲಾರಿ ಮೇಲೆ ಹೇರಿಕೊಂಡು 14 ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೇ ಹೋದರು. ನೆಲದ ಮೇಲೆ ಸುಮಾರು 350 ಕುದುರೆ ಶಕ್ತಿ ಕೊಡೋ ಎಂಜಿನ್ ಅಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದ ಮೇಲೆ ನೆಲದ ಮೇಲಿನ ಶಕ್ತಿ ಅಷ್ಟೂ ವಾಪಸ್ ಬಂತು. ನಮ್ಮ ಅಂಜನಾದ್ರಿ ಹತ್ತೋಕೇ ದಮ್ಮು ಹತ್ತೋ ನಮಗ ಆ ಎಂಜಿನ್ ಕಷ್ಟ ಅರ್ಥ ಆಗ್ತೈತಿ.

ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನಗಳಲ್ಲಿ ಗಾಳಿಯನ್ನ ಎರಡು ಸಲ ಒತ್ತುತ್ತಿದ್ದರು. ಮೊದಲು ಟರ್ಬೊ, ಆಮೇಲೆ ಎಂಜಿನ್ನೇ ತಿರುಗಿಸೋ ಇನ್ನೊಂದು ಕಂಪ್ರೆಸರ್. ಈ ಎರಡರ ನಡುವೆ ಕೂತು ತಣಿಸೋದಕ್ಕೆ 'ಇಂಟರ್' ಕೂಲರ್ ಅಂತ ಹೆಸರು ಬಂತು. ಇಂಟರ್ ಅಂದ್ರ ನಡುವಿನದು. ನಮ್ಮ ಗಾಡಿಗಳಲ್ಲಿ ಒಂದೇ ಟರ್ಬೊ, ನಡುವೆ ಅನ್ನೋ ಮಾತೇ ಇಲ್ಲ, ಆದರೂ ಹೆಸರು ಮಾತ್ರ ಅಂಟಿಕೊಂಡೈತಿ. ಅಮೆರಿಕದ ಪಿ-38 ಅನ್ನೋ ಯುದ್ಧ ವಿಮಾನದಲ್ಲಿ ಮೊದಮೊದಲು ರೆಕ್ಕೆಯ ಮುಂದಿನ ಅಂಚನ್ನೇ ಇಂಟರ್‌ಕೂಲರ್ ಮಾಡಿದ್ದರು. ಎಂಜಿನ್ ಶಕ್ತಿ ಜಾಸ್ತಿ ಮಾಡ್ತಾ ಹೋದಂಗೆ ಅದು ಸಾಲಲಿಲ್ಲ, ಗಾಳಿ ಸಾಕಷ್ಟು ತಣಿಯಲಿಲ್ಲ. 1943ರ ಜೆ ಮಾದರಿಯಲ್ಲಿ ಅದನ್ನು ರೆಕ್ಕೆಯಿಂದ ತೆಗೆದು ಎಂಜಿನ್ನಿನ ಗದ್ದದ ಕೆಳಗೆ, ಆಯಿಲ್ ಕೂಲರುಗಳ ನಡುವೆ ಇಟ್ಟರು. ಎಂಬತ್ತು ವರ್ಷದ ಹಿಂದೇ ಅಷ್ಟು ದೊಡ್ಡ ಎಂಜಿನಿಯರುಗಳಿಗೂ ತಲೆನೋವಾಗಿದ್ದು ಒಂದೇ: ಎಲ್ಲಿ ಇಡಬೇಕು, ಗಾಳಿ ಹೆಂಗ ತಾಗಬೇಕು. ನಮ್ಮ ಗ್ಯಾರೇಜಿನಾಗ "ಎಲ್ಲಿ ಜಾಗ ಐತೋ ಅಲ್ಲಿ ಕೂಡಿಸ್ತೀವಿ" ಅಂತಾರಲ್ಲ, ಅವಾಗ ನನಗೆ ಇದು ನೆನಪಾಗ್ತೈತಿ.

ನಮ್ಮ ರೈತರಿಗೆ ಇದು ಹತ್ತಿರ ಬಂದಿದ್ದು ಟ್ರಾಕ್ಟರಿನಿಂದ. ಅಮೆರಿಕದಲ್ಲಿ 1960ರ ದಶಕದ ಶುರುವಿನಲ್ಲಿ ಅಲಿಸ್-ಚಾಮರ್ಸ್ ಕಂಪನಿ ಡಿ-19 ಅನ್ನೋ ಡೀಸೆಲ್ ಟ್ರಾಕ್ಟರನ್ನ ಟರ್ಬೊ ಸಮೇತ ಕಾರ್ಖಾನೆಯಿಂದಲೇ ಬಿಟ್ಟಿತು. ಬೇರೆ ಟ್ರಾಕ್ಟರ್ ಇದ್ದ ರೈತರು ಸುಮ್ಮನೆ ಕೂಡ್ತಾರ? ಇಲಿನಾಯ್ ರಾಜ್ಯದ ಎಂ ಅಂಡ್ ಡಬ್ಲ್ಯು ಗೇರ್ ಅನ್ನೋ ಕಂಪನಿ ಹೊರಗಿನಿಂದ ಹಾಕೋ ಟರ್ಬೊ ಕಿಟ್ ಮಾರಿತು, ರೈತರು ತಗೊಂಡು ಹಾಕಿಸಿದರು. ಇವತ್ತು ನಮ್ಮ ಹುಡುಗರು ಮಾಡ್ತಿರೋದನ್ನ ಅಲ್ಲಿನ ಜೋಳದ ರೈತರು ಅರವತ್ತು ವರ್ಷದ ಹಿಂದೆ ಮಾಡಿ ಮುಗಿಸ್ಯಾರ. ಜಾನ್ ಡಿಯರ್ ಕಂಪನಿ 1969ರಲ್ಲಿ 4520 ಮಾದರಿಗೆ ಟರ್ಬೊ ಕೊಟ್ಟಿತು. 1971ರಲ್ಲಿ ಬಂದ 4620ಕ್ಕೆ ಇಂಟರ್‌ಕೂಲರನ್ನೂ ಸೇರಿಸಿತು. ಅದರಲ್ಲಿ ತಣಿಸೋದು ಹೊರಗಿನ ಗಾಳಿ ಅಲ್ಲ, ಎಂಜಿನ್ ರೇಡಿಯೇಟರಿನ ನೀರೇ. ಬಿಸಿ ನೀರಿನಿಂದ ತಣಿಸೋದು ಅಂದ್ರ ನಗು ಬರಬಹುದು. ಆದರೆ 85-90 ಡಿಗ್ರಿ ನೀರು ಅದಕ್ಕಿಂತ ಬಿಸಿಯಾದ ಗಾಳಿಯನ್ನ ತಣಿಸೇ ತಣಿಸ್ತೈತಿ. ಟ್ರಾಕ್ಟರ್ ನಿಧಾನ ಹೋಗೋ ಗಾಡಿ, ಮುಂದಿನಿಂದ ಗಾಳಿ ರಭಸವಾಗಿ ಬರೋದಿಲ್ಲ ಅನ್ನೋದು ನೆನಪಿಟ್ರ ಈ ದಾರಿಯ ಅರ್ಥ ತಿಳೀತೈತಿ.

ಕಾರಿಗೆ ಬಂದಿದ್ದು ಆಮೇಲೆ. 1978ರಲ್ಲಿ ಮರ್ಸಿಡಿಸ್‌ನ 300 ಎಸ್‌ಡಿ ಟರ್ಬೊ ಡೀಸೆಲ್ ಕಾರು ಅಮೆರಿಕದಲ್ಲಿ ಮಾರಾಟಕ್ಕೆ ಬಂತು, ಮರುವರ್ಷ ಫ್ರಾನ್ಸಿನ ಪ್ಯೂಜೋ 604.

ಈಗ ಜೀಪಿಗೆ ಬರೋಣ. ಮಹೀಂದ್ರಾ ಕಂಪನಿ ಶುರುವಾಗಿದ್ದು 1945ರಲ್ಲಿ. ಸ್ವಾತಂತ್ರ್ಯ ಬಂದ 1947ರಿಂದ ವಿಲ್ಲಿಸ್ ಜೀಪಿನ ಭಾಗ ತರಿಸಿ ಇಲ್ಲಿ ಜೋಡಿಸೋ ಕೆಲಸಕ್ಕೆ ಇಳೀತು. ಅವೆಲ್ಲ ಪೆಟ್ರೋಲ್ ಗಾಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಗೆ ನೀರು ಬಿಟ್ಟು, ಗಂಗಾವತಿ ಸುತ್ತ ಭತ್ತ ಬಂದು, ಕ್ಯಾಂಪುಗಳು ಎದ್ದ ಮೇಲೆ ನಮ್ಮ ಕಡೆ ಟ್ರಾಕ್ಟರು, ಜೀಪು ಜಾಸ್ತಿಯಾದವು. ಪೆಟ್ರೋಲ್ ಖರ್ಚು ತಾಳಲಾರದೆ ಜೀಪಿಗೆ ಡೀಸೆಲ್ ಎಂಜಿನ್ ಇಳಿಸೋದು ದೇಶದ ತುಂಬ ಗ್ಯಾರೇಜುಗಳಿಗೆ ಒಂದು ಕಸುಬೇ ಆಗಿತ್ತು. ಹಂಗಾಗಿ ಕಂಪನಿ ಕೊಟ್ಟಂಗೆ ಗಾಡಿ ಇಟ್ಕೊಳ್ಳದೆ ಬದಲಾಯಿಸೋದು ಈಗಿನ ಹುಡುಗರ ಹೊಸ ಚಾಳಿ ಅಂತ ಯಾರೂ ಬೈಯಬ್ಯಾಡ್ರಿ, ಅವರ ಅಜ್ಜಂದಿರ ಕಾಲದ್ದು.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1963ರಲ್ಲಿ ಮಹೀಂದ್ರಾದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಜೊತೆ ಸೇರಿ ಟ್ರಾಕ್ಟರ್ ಕಂಪನಿ ಮಾಡಿದರು. ಅಲ್ಲಿಂದ ಬಂದಿದ್ದೇ ಬಿ-275, ನಮ್ಮ ಅಪ್ಪಂದಿರ ಕಾಲದ '275'. ಆ ಮನೆತನದ ಡೀಸೆಲ್ ಎಂಜಿನ್ನೇ ಬೆಳೀತಾ ಬೆಳೀತಾ ಜೀಪಿಗೂ ಇಳೀತು. ಇವತ್ತು ಹಳೇ ಬೊಲೆರೊ, ಥಾರ್ ಡಿಐ ಗಾಡಿಯಲ್ಲಿರೋ 2523 ಸಿಸಿ ಎಂಜಿನ್ ಅಳತೆ ನೋಡ್ರಿ. ಬೋರ್ 88.9 ಮಿಲಿಮೀಟರ್, ಸ್ಟ್ರೋಕ್ 101.6. ಇದೇನು ವಿಚಿತ್ರ ಲೆಕ್ಕ ಅಂತ ಇಂಚಿಗೆ ತಿರುಗಿಸಿದ್ರ ಮೂರೂವರೆ ಇಂಚು, ನಾಲ್ಕು ಇಂಚು ಸರಿಯಾಗಿ ಕೂಡ್ತೈತಿ. ಇಂಚಿನ ಕಾಲದ ಇಂಗ್ಲಿಷ್ ಟ್ರಾಕ್ಟರ್ ಎಂಜಿನ್ನಿನ ಹುಟ್ಟುಮಚ್ಚೆ ಅದು. ಇನ್ನೊಂದು ಕವಲು ಪ್ಯೂಜೋದ್ದು. 1980ರ ದಶಕದ 540 ಡಿಪಿ ಜೀಪಿನ 2112 ಸಿಸಿ ಎಂಜಿನ್, ಆಮೇಲೆ 2498 ಸಿಸಿಯ ಎಕ್ಸ್‌ಡಿ3ಪಿ, ಎರಡೂ ಫ್ರಾನ್ಸಿನ ಲೈಸೆನ್ಸಿನವು. ನಮ್ಮ ಕಡೆ ಅವು ಟರ್ಬೊ ಇಲ್ಲದೇ ಬಂದವು. ಅದೇ ಮನೆತನದ ಎರಡೂವರೆ ಲೀಟರ್ ಎಂಜಿನ್‌ಗೆ ಪ್ಯೂಜೋದವರು ತಮ್ಮ 505 ಕಾರಿನಲ್ಲಿ ಟರ್ಬೊನೂ ಹಾಕಿದರು, ಇಂಟರ್‌ಕೂಲರನ್ನೂ ಹಾಕಿದರು.

2010ರಲ್ಲಿ ಥಾರ್ ಬಂದಾಗ ಎರಡು ತರಹ ಬಂತು. ಸಿಆರ್‌ಡಿಇ ಎಂಜಿನ್ನಿನದು ಇಂಟರ್‌ಕೂಲರ್ ಸಮೇತ 105 ಕುದುರೆ ಶಕ್ತಿ. ಡಿಐ ಎಂಜಿನ್ನಿನದು ಟರ್ಬೊ ಇದ್ದರೂ ಇಂಟರ್‌ಕೂಲರ್ ಇಲ್ಲ, 63 ಕುದುರೆ ಶಕ್ತಿ. ಎರಡರ ಸಿಸಿ ಹೆಚ್ಚು ಕಮ್ಮಿ ಒಂದೇ. ಇದನ್ನ ಓದಿದ ಹುಡುಗರು "ಇಂಟರ್‌ಕೂಲರ್ ಇಲ್ಲದ್ದಕ್ಕೇ 42 ಕುದುರೆ ಕಮ್ಮಿ" ಅಂತ ಲೆಕ್ಕ ಹಾಕ್ಯಾರ. ತಪ್ಪು ಲೆಕ್ಕ. ಅವೆರಡು ಬೇರೆ ಬೇರೆ ಎಂಜಿನ್. ಒಂದರಲ್ಲಿ ಡೀಸೆಲ್ ಕಾಮನ್‌ರೇಲ್‌ನಿಂದ ಭಾರೀ ಒತ್ತಡದಲ್ಲಿ, ಕಂಪ್ಯೂಟರ್ ಹೇಳಿದಷ್ಟು ಹೋಗ್ತೈತಿ. ಇನ್ನೊಂದರದು ಹಳೇ ಮೆಕ್ಯಾನಿಕಲ್ ಪಂಪು. ಮುಂದೆ ಬೊಲೆರೊದಲ್ಲಿ ಇದೇ 2523 ಸಿಸಿ ಎಂಜಿನ್‌ಗೆ ಕಾಮನ್‌ರೇಲ್ ಕೂಡಿಸಿದ ಮೇಲೂ ಕಂಪನಿ ಹೇಳಿದ್ದು 63 ಕುದುರೆ ಶಕ್ತಿಯೇ. ಆ ಎಂಜಿನ್ನಿಂದ ಎಷ್ಟು ದುಡಿಸಬೇಕು ಅಂತ ಮಾಡಿದವರು ಒಂದು ಮಿತಿ ಇಟ್ಟಿದ್ದರು ಅಂತ ನನ್ನ ತಿಳುವಳಿಕೆ.

ನಿಜವಾಗಿ ಹೋಲಿಸಬೇಕಂದ್ರ ಆಸ್ಟ್ರೇಲಿಯಾ ನೋಡಬೇಕು. ಅಲ್ಲಿ ದೊಡ್ಡ ಹೊಲ, ಕುರಿ ದನದ ಜಾಗ ಇರೋ ರೈತರ ಗಾಡಿ ಟೊಯೊಟಾ ಲ್ಯಾಂಡ್ ಕ್ರೂಸರ್. 4.2 ಲೀಟರಿನ ಒಂದೇ ಟರ್ಬೊ ಡೀಸೆಲ್ ಎಂಜಿನ್ನನ್ನ ಟೊಯೊಟಾ ಎರಡು ಗಾಡಿಗೆ ಕೊಟ್ಟಿತು. ಶ್ರೀಮಂತರ 100 ಸೀರೀಸ್‌ಗೆ ಇಂಟರ್‌ಕೂಲರ್ ಹಾಕಿ 150 ಕಿಲೋವ್ಯಾಟ್. ರೈತರು ತಗೊಳ್ಳೋ 79 ಸೀರೀಸ್ ಪಿಕಪ್‌ಗೆ ಇಂಟರ್‌ಕೂಲರ್ ಇಲ್ಲದೆ 122 ಕಿಲೋವ್ಯಾಟ್. 2000ದ ದಶಕದ ಮಾತು ಇದು. ಅಲ್ಲಿನ ರೈತರು ಹೊರಗಿನಿಂದ ಇಂಟರ್‌ಕೂಲರ್ ಹಾಕಿಸಿಕೊಂಡರು, ಅದಕ್ಕಂತಲೇ ಕಿಟ್ ಮಾಡೋ ಅಂಗಡಿಗಳು ಬೆಳೆದವು. ಇಂಗ್ಲೆಂಡಿನ ಲ್ಯಾಂಡ್ ರೋವರ್‌ನದೂ ಹತ್ತಿರದ ಕಥೆ. 1986ರಲ್ಲಿ ಎರಡೂವರೆ ಲೀಟರ್ ಡೀಸೆಲ್‌ಗೆ ಬರೀ ಟರ್ಬೊ ಹಾಕಿ 85 ಕುದುರೆ ಶಕ್ತಿ ಮಾಡಿದರು. ಬಿಸಿಗೆ ಅದರ ಪಿಸ್ಟನ್ ಬಿರುಕು ಬಿಡೋದು ಅಂತ ಹೆಸರು ಕೆಡಿಸಿಕೊಂಡಿತು. 1989ರಲ್ಲಿ ಡಿಸ್ಕವರಿ ಗಾಡಿ ಜೊತೆ 200 ಟಿಡಿಐ ಎಂಜಿನ್ ಬಂತು, ಅದೇ ಎರಡೂವರೆ ಲೀಟರ್, 111 ಕುದುರೆ ಶಕ್ತಿ. ಇಂಟರ್‌ಕೂಲರ್ ಬಂತು ನಿಜ, ಆದರೆ ಅದರ ಜೊತೆಗೇ ಡೈರೆಕ್ಟ್ ಇಂಜೆಕ್ಷನ್, ಹೊಸ ಹೆಡ್ಡು ಕೂಡ ಬಂದವು. ಬರೀ ಜಾಳಿಗೆ ತೂಗುಹಾಕಿ ಕೈ ತೊಳ್ಕೊಳ್ಳಲಿಲ್ಲ ಅವರು.

ನಮ್ಮ ಲಾರಿಗಳ ಹಿಂದೆ ಮುಂದೆ 'ಟಿಸಿ', 'ಟಿಸಿಐಸಿ' ಅಂತ ಬರೆದಿರೋದು ನೋಡೀರಲ್ಲ? ಟರ್ಬೊ ಚಾರ್ಜ್ಡ್, ಇಂಟರ್‌ಕೂಲ್ಡ್ ಅಂತ ಅದರ ಅರ್ಥ. ಲಾರಿಗಳಿಗೆ ಇದು ಬಂದಿದ್ದು ಪಿಕಪ್‌ಗೋಸ್ಕರ ಅಂತ ನಾವೆಲ್ಲ ಅನ್ಕೊಂಡೀವಿ. ದೊಡ್ಡ ಕಾರಣ ಹೊಗೆಯ ಕಾನೂನು. 2000ದಲ್ಲಿ ಇಂಡಿಯಾ 2000 ನಿಯಮ, 2010ಕ್ಕೆ ದೇಶದ ತುಂಬ ಬಿಎಸ್-3, 2017ಕ್ಕೆ ಬಿಎಸ್-4, 2020ಕ್ಕೆ ಬಿಎಸ್-6. ಗಾಳಿ ತಣ್ಣಗಿದ್ದಷ್ಟೂ ಸಿಲಿಂಡರಿನ ಉರಿಯ ತಾಪ ಕಮ್ಮಿ, ನೈಟ್ರೋಜನ್ ಹೊಗೆ ಕಮ್ಮಿ, ಗಾಳಿ ಸಾಕಷ್ಟು ಇರೋದ್ರಿಂದ ಕರೀ ಹೊಗೆಯೂ ಕಮ್ಮಿ. ಕಂಪನಿಯವರು ಇಂಟರ್‌ಕೂಲರ್ ಹಾಕಿದ್ದು ಎಂಜಿನ್ ತಣ್ಣಗಿಡೋಕೆ, ಹೊಗೆ ಇಳಿಸೋಕೆ. ಶಕ್ತಿ ಆ ಮೇಲೆ ಬಂದ ಲಾಭ.

ನಮ್ಮ ಜೀಪಿಗೆ ಹಾಕಿದ್ರ ಏನಾಗ್ತೈತಿ ಅನ್ನೋದು ಈಗ ಹೇಳಬಹುದು. ಡಿಐ ಗಾಡಿಯ ಪಂಪಿಗೆ ಗಾಳಿಯ ತೂಕ ಗೊತ್ತಾಗೋದಿಲ್ಲ. ಕೆಲವು ಪಂಪುಗಳ ತಲೆ ಮೇಲೆ ಟರ್ಬೊ ಒತ್ತಡ ನೋಡಿ ಡೀಸೆಲ್ ಬಿಡೋ ಡಯಾಫ್ರಾಮ್ ಇರ್ತೈತಿ, ಅದಕ್ಕೂ ಗೊತ್ತಾಗೋದು ಒತ್ತಡ ಮಾತ್ರ. ಹಂಗಾಗಿ ಇಂಟರ್‌ಕೂಲರ್ ಹಾಕಿದ ಮಾತ್ರಕ್ಕೆ ಡೀಸೆಲ್ ಒಂದು ಹನಿನೂ ಜಾಸ್ತಿ ಹೋಗೋದಿಲ್ಲ. ಇದ್ದ ಡೀಸೆಲ್ ಚೊಲೋ ಉರೀತೈತಿ, ಹೊಗೆ ಇಳೀತೈತಿ, ಪಿಸ್ಟನ್ನಿಗೆ, ಟರ್ಬೊಗೆ ತಾಗೋ ಬಿಸಿ ಇಳೀತೈತಿ. ಏರು ಹತ್ತೋವಾಗ, ತುಂಬಿದ ಟ್ರೇಲರ್ ಎಳೆಯೋವಾಗ ಅದು ದೊಡ್ಡ ಲಾಭವೇ. ಆದರೆ ಕುದುರೆ ಆಗೋದಿಲ್ಲ. ಕುದುರೆ ಆಗ್ಬೇಕಂದ್ರ ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಜಾಸ್ತಿ ಬಿಡಬೇಕು. ಹೊರಗಿನ ಕಿಟ್ಟಿನ ಹೆಸರಿನಾಗ ನಮ್ಮ ಕಡೆ ಮಾರೋದು ಹೆಚ್ಚಾಗಿ ಈ ಸ್ಕ್ರೂವನ್ನೇ. ಇಂಟರ್‌ಕೂಲರ್ ಉಳಿಸಿದ ಬಿಸಿಯನ್ನ ಸ್ಕ್ರೂ ತಿಂದುಹಾಕ್ತೈತಿ, ಮ್ಯಾಲೆ ಬಡ್ಡಿನೂ ತಗೋತೈತಿ. ಹೋದ ಬ್ಯಾಸಗಿ ಕಾಲುವೆ ಆಚೆ ಒಂದು ಊರಿನಾಗ ಹಿಂಗೇ ಮಾಡಿಸಿದ ಗಾಡಿ ಭತ್ತದ ಲೋಡ್ ಎಳೆಯೋವಾಗ ಕರೀ ಹೊಗೆ ಬಿಡ್ತಾ ನಿಂತಿತು. ಬಿಚ್ಚಿ ನೋಡಿದ್ರ ಒಂದು ಪಿಸ್ಟನ್ ತಲೆ ಕರಗಿ ತೂತು ಬಿದ್ದಿತ್ತು. ಎಂಜಿನ್ ಪೂರ್ತಿ ಬೋರ್ ಮಾಡಿಸಬೇಕಾತು, ಆ ಮನೆಯವರು ಸೊಸೈಟಿ ಸಾಲದ ಕಂತು ತಡ ಮಾಡಿ ಗ್ಯಾರೇಜಿಗೆ ಕೊಟ್ಟರು.

ಎಲ್ಲಿ ಕೂಡಿಸಬೇಕು ಅನ್ನೋದು ಇನ್ನೊಂದು. ಸ್ಕಾರ್ಪಿಯೊ ಬಾನೆಟ್ ಮೇಲೆ ಮೂಗಿನ ಹೊಳ್ಳಿ ತರಹ ಇರೋದು ಚಂದಕ್ಕಲ್ಲ, ಕೆಳಗೆ ಎಂಜಿನ್ ಮೇಲೆ ಕೂತ ಇಂಟರ್‌ಕೂಲರಿಗೆ ಗಾಳಿ ಕೊಡೋಕೆ. ಹೈವೇದಾಗ ಅದು ಸರಿ. ನಮ್ಮ ಕಲ್ಲುಗುಡ್ಡದ ದಾರಿಯಾಗ ಒಂದನೇ ಗೇರಿನಾಗ ತೆವಳೋವಾಗ ಗಾಳಿ ಎಲ್ಲಿಂದ ಬರಬೇಕು? ಕೆಳಗಿನ ಎಂಜಿನ್ ಬಿಸಿಯೇ ಅದನ್ನ ಕಾಯಿಸ್ತೈತಿ. ಮುಂದೆ, ರೇಡಿಯೇಟರಿನ ಎದುರು ಕೂಡಿಸಿದ್ರ ಎಂಜಿನ್ ಫ್ಯಾನೇ ಅದರ ಮೂಲಕ ಗಾಳಿ ಎಳೀತೈತಿ, ನಿಂತಾಗಲೂ ಕೆಲಸ ನಡೀತೈತಿ. ನಮ್ಮಂಥ ದಾರಿಗೆ ಅದೇ ವಾಸಿ. ಆದರೆ ರೇಡಿಯೇಟರಿಗೆ ಹೋಗೋ ಗಾಳಿ ಮೊದಲೇ ಬಿಸಿಯಾಗಿರ್ತೈತಿ. ಮೇ ತಿಂಗಳ 42 ಡಿಗ್ರಿಯಾಗ ನೀರಿನ ಮುಳ್ಳು ಮ್ಯಾಲೆ ಹೋಗ್ತೈತೋ ಇಲ್ಲೋ ನೋಡ್ಕೋಬೇಕು. ರೇಡಿಯೇಟರ್ ಹಳೇದಿದ್ರ ಮೊದಲು ಅದನ್ನ ಬಿಚ್ಚಿ ಕ್ಲೀನ್ ಮಾಡಿಸ್ರಿ. ಇನ್ನು ಮಾರ್ಚ್ ಏಪ್ರಿಲ್‌ನಾಗ ಹಾರ್ವೆಸ್ಟರ್ ಓಡೋ ಹೊತ್ತಿಗೆ ಹಾರೋ ಹೊಟ್ಟು, ನಾಟಿ ಕಾಲದ ಗದ್ದಿ ಕೆಸರು ಎರಡೂ ಮೊದಲು ಮೆತ್ತಿಕೊಳ್ಳೋದು ಮುಂದಿರೋ ಜಾಳಿಗೆಗೇ. ಎರಡು ಜಾಳಿಗೆ ನಡುವೆ ಹೊಟ್ಟು ಕೂತ್ರ ಹೊರಗಿಂದ ಕಾಣೋದೂ ಇಲ್ಲ. ತೊಳೆಯೋವಾಗ ಎಂಜಿನ್ ಕಡೆಯಿಂದ ಹೊರಗಡೆಗೆ ನೀರು ಬಿಡ್ರಿ, ಜೋರು ಪ್ರೆಶರ್ ಹಿಡಿದು ಅದರ ಎಲೆಗಳನ್ನ ಮಡಚಬ್ಯಾಡ್ರಿ.

ಕಾನೂನಿನ ಮಾತೂ ಒಂದು ಐತಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಂಗೆ ಗಾಡಿ ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಮಾಡಿ ಹೇಳೈತಿ. ಹಾಕಿಸೋದಕ್ಕೂ ಮೊದಲು ಆರ್‌ಟಿಒದಲ್ಲಿ, ಇನ್ಶೂರೆನ್ಸಿನವರಲ್ಲಿ ಕೇಳ್ಕೊಳ್ರಿ. ಹೊಲದ ಕೆಲಸಕ್ಕಷ್ಟೇ ಅನ್ನೋರು ಅದಾರ, ಆದ್ರ ಗಾಡಿ ಗಂಗಾವತಿ ರೋಡಿಗೆ ಬಂದೇ ಬರ್ತೈತಲ್ಲ.

ತಂಗಿ ಮಗನಿಗೆ ನಾನು ಬ್ಯಾಡ ಅನ್ನಲಿಲ್ಲ. ಕಾನೂನು ಒಪ್ಪಿದ್ರ ಹಾಕಿಸು, ಪಂಪಿನ ಸೀಲ್ ಮುಟ್ಟಿಸಬ್ಯಾಡ, ಕಂಪನಿ ಮಾಡಿದ ಎಷ್ಟೋ ಗಾಡಿಗಳಾಗ ಅದನ್ನೇ ಮಾಡ್ಯಾರ ಅಂದೆ. ಅವ ಈಗ ಗುಜರಿಯಾಗ ಒಂದು ಲಾರಿ ಬಿಚ್ಚಿದ ಇಂಟರ್‌ಕೂಲರ್ ನೋಡ್ಯಾನ. ಗುಜರಿದು ತಗೊಳ್ಳೋರಿಗೆ ಒಂದು ಮಾತು. ಆ ಲಾರಿಯ ಟರ್ಬೊ ಒಡೆದು ಹೋಗಿದ್ರ ಅದರ ಆಯಿಲ್ಲು, ಅಲ್ಯೂಮಿನಿಯಂ ಚೂರು ಇಂಟರ್‌ಕೂಲರಿನ ಹೊಟ್ಟೆಯಾಗೇ ಕೂತಿರ್ತಾವ. ಹಂಗೇ ಜೋಡಿಸಿದ್ರ ಚೂರು ಸೀದಾ ಸಿಲಿಂಡರಿಗೆ. ಆಯಿಲ್ ಎಳ್ಕೊಂಡ್ರ ಇನ್ನೂ ಕೆಟ್ಟದ್ದು, ಡೀಸೆಲ್ ಎಂಜಿನ್ ಆ ಆಯಿಲ್ಲನ್ನೇ ಕುಡಿದು ಚಾವಿ ತಿರುವಿದ್ರೂ ನಿಲ್ಲದಂಗೆ ರೇಸ್ ಆಗ್ತೈತಿ. ಮೊದಲು ಒಳಗ ಸೀಮೆಎಣ್ಣೆ ಇಲ್ಲಾ ಡೀಸೆಲ್ ಹಾಕಿ ಅಲುಗಾಡಿಸಿ, ತೆಳ್ಳಗಿನ ಬಟ್ಟಿ ಮ್ಯಾಲೆ ಸುರಿದು ಚೂರು ಬರ್ತಾವೋ ನೋಡ್ರಿ. ಚೂರು ಬಂದ್ರ ಅದನ್ನ ಅಲ್ಲೇ ಬಿಟ್ಟು ಬರ್ರಿ. ಬರದಿದ್ರ ನಾಲ್ಕೈದು ಸಲ ತೊಳೆದು, ಎರಡು ದಿನ ಬಿಸಿಲಿಗೆ ಬಾಯಿ ಕೆಳಗ ಮಾಡಿ ಒಣಗಿಸಿ, ಪೂರ್ತಿ ಒಣಗಿದ ಮೇಲೇ ಜೋಡಿಸ್ರಿ.